ರಶಿಯದ ಪೀಟರನೂ ಮೈಸೂರಿನ ಚಿಕ್ಕದೇವರಾಜ ಒಡೆಯರೂ

ಇತಿಹಾಸದ ತಾಸಿನಲ್ಲಿ ರಶಿಯದ ಪೀಟರ ದೊರೆಯ ಮಾತು ಬಂದರೆ ಮಕ್ಕಳ ನೆನಪಿನಲ್ಲಿ ನಿಲ್ಲುವುದು ಅವನ ಯುದ್ಧಗಳೂ ಅಲ್ಲ, ಅವನು ಕಟ್ಟಿಸಿದ ಪಟ್ಟಣವೂ ಅಲ್ಲ, ಗಡ್ಡದ ಕಥೆ. ೧೬೯೮ರಲ್ಲಿ ಯುರೋಪಿನ ಪ್ರವಾಸ ಮುಗಿಸಿ ಮಾಸ್ಕೋ ನಗರಕ್ಕೆ ಮರಳಿದ ದೊರೆಯು ತನ್ನನ್ನು ಕಾಣಬಂದ ಸರದಾರರ ಗಡ್ಡಗಳನ್ನು ತಾನೇ ಕತ್ತರಿಸಿದನೆಂದು ಹೇಳಿದೊಡನೆ ತರಗತಿಯಲ್ಲಿ ನಗೆ ಏಳುತ್ತದೆ. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, "ಗುರೂಜಿ, ಗಡ್ಡ ತೆಗಸಿದ್ರ ದೇಶ ಸುಧಾರಸ್ತದೇನ್ರಿ?" ಎಂದು ಕೇಳಿದನು. ಹೌದೆಂದೋ ಅಲ್ಲವೆಂದೋ ಹೇಳಿ ಅವನನ್ನು ಕುಳ್ಳಿರಿಸಬಹುದಿತ್ತು. ಆದರೆ ಆ ಪ್ರಶ್ನೆ ನಮ್ಮನ್ನು ಮನೆಯವರೆಗೂ ಹಿಂಬಾಲಿಸಿತು. ಅದರ ಬೆನ್ನು ಹತ್ತಿ ನಾವು ಓದಿ ಕಂಡುಕೊಂಡ ಕೆಲವು ಸಂಗತಿಗಳನ್ನು ನಮ್ಮ ಶಿಕ್ಷಕ ಬಂಧುಗಳ ಮುಂದೆ ಇಡುತ್ತೇವೆ.

ಮಂದ್ರೂಪದಲ್ಲಿ ಕುಳಿತು ರಶಿಯದ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಪೀಟರನು ವೇಷ ಮರೆಸಿಕೊಂಡು ಹಾಲಂಡಿನ ಹಡಗುಕಟ್ಟೆಯಲ್ಲಿ ಬಡಗಿಯ ಕೆಲಸ ಕಲಿಯುತ್ತಿದ್ದುದು ೧೬೯೭ರಲ್ಲಿ. ಅದೇ ವರುಷ ದಿಲ್ಲಿಯ ಬಾದಶಹನು ದಿಲ್ಲಿಯಲ್ಲಿರಲಿಲ್ಲ. ನಮ್ಮ ಭೀಮೆಯ ದಂಡೆಯ ಮೇಲಿದ್ದನು. ಮಂಗಳವೇಢೆ ತಾಲೂಕಿನ ಬ್ರಹ್ಮಪುರಿಯಲ್ಲಿ ಔರಂಗಜೇಬನು ೧೬೯೫ರಿಂದ ೧೬೯೯ರವರೆಗೆ ಬೀಡು ಬಿಟ್ಟಿದ್ದನು. ಅದಕ್ಕೂ ಮೊದಲು, ೧೬೮೫-೮೬ರಲ್ಲಿ, ಅವನ ದಂಡು ಸೊಲ್ಲಾಪುರದಲ್ಲಿ ತಂಗಿ, ನಮ್ಮ ಸೀಮೆಯನ್ನು ಹಾಯ್ದು ವಿಜಾಪುರದ ಮೇಲೆ ಹೋಗಿತ್ತು. ೧೬೮೬ರ ಸಪ್ಟೆಂಬರದಲ್ಲಿ ಆದಿಲಶಾಹಿ ಮುಗಿಯಿತು. ಹೀಗೆ ಒಬ್ಬನ ಮಾತೇ ಕಾನೂನಾಗಿದ್ದ ರಾಜ್ಯಗಳ ಕಾಲ ನಮ್ಮ ಹೊಳೆಯ ದಂಡೆಗೂ ಬಂದುಹೋದ ಕಾಲವೇ.

ಇನ್ನೂ ಹಿಂದಕ್ಕೆ ಹೋದರೆ ರಶಿಯದವನೇ ಒಬ್ಬನು ನಮ್ಮ ಮಗ್ಗುಲಿಗೆ ಬಂದುಹೋಗಿದ್ದಾನೆ. ತ್ವೆರ್ ಎಂಬ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. ಮಾರುವುದಕ್ಕೆ ಒಂದು ಕುದುರೆಯನ್ನು ತಂದವನು ಚೌಲ ಬಂದರದಲ್ಲಿ ಇಳಿದು, ಜುನ್ನರದ ಮೇಲಿಂದ ಬಹಮನಿ ಸುಲ್ತಾನರ ಬೀದರಕ್ಕೆ ಬಂದನು. ಅದು ೧೪೭೦ರ ಸುಮಾರು. ಮಹಮೂದ ಗವಾನನು ವಜೀರನಾಗಿದ್ದ ಕಾಲ. ಅವನು ಬರೆದಿಟ್ಟ ಪ್ರವಾಸದ ಟಿಪ್ಪಣಿಯಲ್ಲಿ ವರುಷಕ್ಕೊಮ್ಮೆ ಹತ್ತು ದಿನ ನೆರೆಯುವ ಒಂದು ದೊಡ್ಡ ಸಂತೆಯ ವರ್ಣನೆ ಇದೆ. ಮಾರಾಟಕ್ಕೆ ಬರುವ ಕುದುರೆಗಳೇ ಇಪ್ಪತ್ತು ಸಾವಿರವೆಂದು ಬರೆದಿದ್ದಾನೆ. ವ್ಯಾಪಾರಿಯ ಎಣಿಕೆಯಲ್ಲಿ ಸ್ವಲ್ಪ ಉಬ್ಬರ ಇದ್ದೀತು, ಇರಲಿ. ಆ ಊರು ಆಳಂದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಕ್ಕಲಕೋಟೆಯವರಿಗೆ ಆಳಂದ ಎಷ್ಟರ ದೂರ? ಈ ಪರದೇಶಿಯ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ನಾವು ಮರೆಯಲಾರೆವು. ಸರದಾರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುತ್ತಾರೆ, ಹಳ್ಳಿಯ ಜನ ಮಾತ್ರ ತೀರ ಬಡವರು ಎಂಬ ಅರ್ಥದ ಮಾತನ್ನು ಅವನು ಬರೆದಿದ್ದಾನೆ.

ನಿಕಿತಿನನು ತನ್ನ ಊರನ್ನು ಮತ್ತೆ ಕಾಣಲಿಲ್ಲ. ದಾರಿಯಲ್ಲಿಯೇ ಸ್ಮೊಲೆನ್‍ಸ್ಕ್ ಸಮೀಪ ತೀರಿಕೊಂಡನು. ಅವನ ತ್ವೆರ್ ಸಂಸ್ಥಾನವನ್ನು ಮಾಸ್ಕೋದ ಮೂರನೆಯ ಇವಾನನು ೧೪೮೫ರಲ್ಲಿ ನುಂಗಿದನು. ಸುತ್ತಲಿನ ಚಿಕ್ಕ ಪುಟ್ಟ ಅರಸುಗಳೆಲ್ಲ ಒಂದೊಂದಾಗಿ ಮಾಸ್ಕೋದ ಹೊಟ್ಟೆಗೆ ಹೋದವು. ಇಷ್ಟು ನೆಲವನ್ನು ಕಾಯಲು ಸೈನ್ಯ ಬೇಕು. ಸೈನಿಕನಿಗೆ ಕೊಡಲು ಅರಸನ ಹತ್ತಿರ ಹಣವಿಲ್ಲ, ಭೂಮಿ ಇದೆ. ಭೂಮಿ ಕೊಟ್ಟರೆ ಉಳುವ ಆಳು ಬೇಡವೇ? ರಶಿಯದ ಒಕ್ಕಲಿಗನ ದುರ್ದೈವದ ಮೂಲ ಇಲ್ಲಿದೆ ಎಂದು ನಮ್ಮ ಅಭಿಪ್ರಾಯ. ಅಲ್ಲಿ ಮೊದಲು ರೈತನು ಒಡೆಯನನ್ನು ಬಿಟ್ಟು ಮತ್ತೊಬ್ಬನ ಭೂಮಿಗೆ ಹೋಗಬಹುದಾಗಿತ್ತು. ೧೪೯೭ರ ಕಾಯದೆ ಅದಕ್ಕೊಂದು ಗಡುವು ಹಾಕಿತು: ಸುಗ್ಗಿ ಮುಗಿದ ಮೇಲೆ ಬರುವ ಸಂತ ಜಾರ್ಜನ ಹಬ್ಬದ ಹಿಂದೊಂದು ವಾರ, ಮುಂದೊಂದು ವಾರ, ಅದೂ ಒಡೆಯನಿಗೆ ಸಲ್ಲಿಸಬೇಕಾದುದನ್ನು ಸಲ್ಲಿಸಿ. ನಾಲ್ಕನೆಯ ಇವಾನನು ೧೫೪೭ರಲ್ಲಿ ಝಾರ್ ಎಂದು ಕಿರೀಟ ಧರಿಸಿದನು. ೧೫೬೫ರಿಂದ ೧೫೭೨ರವರೆಗೆ ತನ್ನದೇ ಒಂದು ಪಡೆ ಕಟ್ಟಿ ಹಳೆಯ ಸರದಾರರನ್ನು ಬಡಿದು ಹಾಕಿದನು. ೧೫೭೦ರಲ್ಲಿ ನೊವ್ಗೊರೊದ್ ಪಟ್ಟಣವನ್ನೇ ಕೊಳ್ಳೆ ಹೊಡೆದನು. ಬಡಿಸಿಕೊಂಡವರು ಸರದಾರರು, ಆದರೆ ಊರುಗಳು ಹಾಳುಬಿದ್ದು ರೈತರು ಓಡತೊಡಗಿದಾಗ ಹಬ್ಬದ ಆ ಎರಡು ವಾರಗಳೂ ಅವರ ಕೈತಪ್ಪಿದವು. ೧೬೪೯ರ ಸಂಹಿತೆಯು ಓಡಿಹೋದ ರೈತನನ್ನು ಎಷ್ಟು ವರುಷಗಳ ಮೇಲಾದರೂ ಹಿಡಿದು ತರಬಹುದೆಂದು ವಿಧಿಸಿತು. ಅಂದಿನಿಂದ ಅವನು ಮಣ್ಣಿಗೆ ಅಂಟಿದ ಆಸ್ತಿಯಾದನು.

ಪೀಟರನಿಗೆ ದೊರೆತ ರಶಿಯಾ ಇದು. ೧೬೮೨ರಲ್ಲಿ ಹತ್ತು ವರುಷದ ಬಾಲಕನಾಗಿ ಅಣ್ಣನ ಜೊತೆಗೆ ಪಟ್ಟವೇರಿದನು. ಅಣ್ಣನ ಮರಣದ ಮೇಲೆ, ೧೬೯೬ರಿಂದ, ಒಬ್ಬನೇ ಆಳಿದನು. ಅವನ ಉತ್ಸಾಹಕ್ಕೆ ಎಣೆಯಿಲ್ಲ. ೧೭೦೦ರಿಂದ ಹೊಸ ಪಂಚಾಂಗ, ೧೭೦೩ರಲ್ಲಿ ಜವುಗು ನೆಲದ ಮೇಲೆ ಹೊಸ ರಾಜಧಾನಿ, ಸ್ವೀಡನ್ನಿನ ಮಾದರಿಯ ಇಲಾಖೆಗಳು, ೧೭೨೨ರಲ್ಲಿ ನೌಕರರಿಗೆ ಹದಿನಾಲ್ಕು ಮೆಟ್ಟಿಲಿನ ದರ್ಜೆ. ಕುಲದಿಂದಲ್ಲ, ಚಾಕರಿಯಿಂದ ಮೇಲೇರಬೇಕೆಂಬ ಈ ದರ್ಜೆಯ ನಿಯಮವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಅಕ್ಷರಗಳನ್ನು ಸಹ ಅವನು ಬಿಡಲಿಲ್ಲ. ಅಚ್ಚಿನ ಮೊಳೆಗಳ ಮಾದರಿಯನ್ನು ತಾನೇ ನೋಡಿ ಬೇಡವಾದ ಅಕ್ಷರಗಳನ್ನು ಹೊಡೆದು ಹಾಕಿದನು. ನಮ್ಮಲ್ಲಿ ಲಿಪಿ ಸುಧಾರಣೆಯ ಚರ್ಚೆ ಮಾಡುವವರು ಅಸೂಯೆ ಪಡತಕ್ಕ ಅಧಿಕಾರ!

ಗಡ್ಡದ ಮಾತು ಇಲ್ಲಿಗೆ ಬಂತು. ೧೭೦೫ರಲ್ಲಿ ಗಡ್ಡ ಇಟ್ಟುಕೊಳ್ಳುವವರಿಗೆ ಅವರವರ ಅಂತಸ್ತಿನಂತೆ ತೆರಿಗೆ ಬಿತ್ತು. ತೆರಿಗೆ ಕೊಟ್ಟವರಿಗೆ ಗುರುತಿನ ಬಿಲ್ಲೆ. ಆದರೆ ಹುಡುಗರಿಗೆ ನಾವು ಹೇಳಲು ಮರೆಯುವ ಸಂಗತಿ ಒಂದುಂಟು. ಹಳ್ಳಿಯ ರೈತನ ಗಡ್ಡ ಹಾಗೆಯೇ ಉಳಿಯಿತು. ಪಟ್ಟಣದ ಬಾಗಿಲು ದಾಟುವಾಗ ಮಾತ್ರ ಅವನು ಅದಕ್ಕೊಂದು ಕಾಸು ಕೊಡಬೇಕಾಗಿತ್ತು. ಅವನ ಪಾಲಿಗೆ ಬಂದ ಸುಧಾರಣೆ ಬೇರೆ. ಇಪ್ಪತ್ತು ಮನೆಗೆ ಒಬ್ಬ ಆಳಿನಂತೆ ಸೈನ್ಯಕ್ಕೆ, ಅದೂ ಆಯುಷ್ಯಪೂರ್ತಿ. ರಾಜಧಾನಿ ಕಟ್ಟಲು ವರುಷ ವರುಷವೂ ಸಾವಿರಾರು ಜನರ ಬಿಟ್ಟಿ. ಕೊನೆಗೆ ೧೭೨೪ರಿಂದ ತಲೆಗಂದಾಯ, ಕೂಸಿನಿಂದ ಮುದುಕನವರೆಗೆ ಪ್ರತಿ ಗಂಡಸಿಗೂ ೭೪ ಕೊಪೆಕ್. ಓಡಿಹೋದವರನ್ನು ಹಿಡಿದು ತರಲು ಡಾನ್ ನದಿಯ ಕೊಸಾಕರ ಸೀಮೆಗೆ ಪಡೆ ಹೋದಾಗ, ೧೭೦೭ರಲ್ಲಿ, ಬುಲಾವಿನನ ಬಂಡಾಯವೆದ್ದಿತು. ಮುಂದಿನ ವರುಷ ಅದು ಅಡಗಿತು.

ಈಗ ಮೈಸೂರಿಗೆ ಹೋಗೋಣ. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬಂದದ್ದು ೧೬೭೩ರಲ್ಲಿ, ತೀರಿಕೊಂಡದ್ದು ೧೭೦೪ರಲ್ಲಿ. ರಶಿಯದ ವಿಸ್ತಾರಕ್ಕೂ ಮೈಸೂರಿನ ವಿಸ್ತಾರಕ್ಕೂ ಹೋಲಿಕೆಯಿಲ್ಲ. ಆದರೂ ಇಬ್ಬರ ಬುದ್ಧಿ ಹರಿದ ದಿಕ್ಕು ಒಂದೇ ಎಂದು ನಮಗೆ ಅನಿಸುತ್ತದೆ. ೧೬೮೭ರಲ್ಲಿ ಮೊಗಲರ ಕೈಗೆ ಸಿಕ್ಕಿದ್ದ ಬೆಂಗಳೂರನ್ನು ಒಡೆಯರು ಮೂರು ಲಕ್ಷ ರೂಪಾಯಿಗೆ ಕೊಂಡರು. ಕತ್ತಿಯಿಂದ ಆಗುವುದನ್ನು ಥೈಲಿಯಿಂದ ಮಾಡಬಲ್ಲ ಅರಸನ ಹತ್ತಿರ ಥೈಲಿ ತುಂಬಿರಬೇಕಷ್ಟೆ. ಎರಡು ಸಾವಿರ ವರಹಗಳು ಬೊಕ್ಕಸಕ್ಕೆ ಬಿದ್ದ ಹೊರತು ಅವರು ಬೆಳಗಿನ ಊಟಕ್ಕೆ ಏಳುತ್ತಿರಲಿಲ್ಲವೆಂದು ವಿಲ್ಕ್ಸನು ಬರೆದಿದ್ದಾನೆ. ನವಕೋಟಿ ನಾರಾಯಣನೆಂಬ ಬಿರುದು ಸುಮ್ಮನೆ ಬಂದುದಲ್ಲ.

೧೬೯೯ರಲ್ಲಿ ಒಡೆಯರು ಔರಂಗಜೇಬನ ಬೀಡಿಗೆ ರಾಯಭಾರ ಕಳಿಸಿದರು. ಬಾದಶಹನು ಬ್ರಹ್ಮಪುರಿಯನ್ನು ಬಿಟ್ಟು ಮರಾಠರ ಕೋಟೆಗಳ ಮೇಲೆ ಹೊರಟುದು ಅದೇ ವರುಷದ ಅಕ್ಟೋಬರದಲ್ಲಿ. ರಾಯಭಾರಿಗಳು ಜಗದೇವರಾಜನೆಂಬ ಬಿರುದಿನ ಮುದ್ರೆಯೊಡನೆ ಮರಳಿದರೆಂದೂ, ಅಲ್ಲಿ ಕಂಡ ಮಾದರಿಯಿಂದ ಹದಿನೆಂಟು ಚಾವಡಿಗಳ ಏರ್ಪಾಡು ಆಯಿತೆಂದೂ ಹೇಳುತ್ತಾರೆ. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ, ಅರಮನೆಯ ದನಕರುಗಳಿಗೆ ಬೆಣ್ಣೆ ಚಾವಡಿ: ಹೆಸರುಗಳನ್ನು ಓದುವುದೇ ಒಂದು ಸೊಗಸು. ಇವುಗಳಲ್ಲಿ ಬೇಹಿನ ಚಾವಡಿ ವಿಚಾರಕ್ಕೆ ಯೋಗ್ಯವಾದುದು. ಟಪಾಲು ಒಯ್ಯುವುದೂ ಅದೇ, ಯಾರು ಏನು ಮಾತಾಡುತ್ತಾರೆಂದು ಅರಮನೆಗೆ ತಿಳಿಸುವುದೂ ಅದೇ. ಪೀಟರನು ೧೭೧೧ರಲ್ಲಿ ನೌಕರರ ಮೇಲೆ ಗುಪ್ತವಾಗಿ ಕಣ್ಣಿಡುವ ಫಿಸ್ಕಲರನ್ನು ನೇಮಿಸಿದನು. ಒಬ್ಬರ ಸುದ್ದಿ ಮತ್ತೊಬ್ಬರಿಗೆ ತಿಳಿದಿರಲು ಸಾಧ್ಯವಿಲ್ಲ; ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿಯಹೊರಟವನಿಗೆ ಕಿವಿ ಹೆಚ್ಚು ಬೇಕಾಗುತ್ತವೆ.

ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯನೂ ಚಿಕುಪಾಧ್ಯಾಯನೂ ಇದ್ದರು, ಸಂಚಿಯ ಊಳಿಗದ ಹೊನ್ನಮ್ಮನು ಕವಯಿತ್ರಿಯಾದಳು, ಸಿಂಗರಾರ್ಯನು ನಾಟಕ ಬರೆದನು. ಇದನ್ನೆಲ್ಲ ನಾವು ಕನ್ನಡದ ತಾಸಿನಲ್ಲಿ ಹಿಗ್ಗಿನಿಂದ ಹೇಳುತ್ತೇವೆ, ಹೇಳಬೇಕು. ಇತಿಹಾಸದ ತಾಸಿನಲ್ಲಿ ಅದೇ ಅರಸರ ಕಂದಾಯದ ಮಾತನ್ನೂ ಹೇಳಬೇಕಲ್ಲವೆ? ಹೆಸರಿಗೆ ಆರರಲ್ಲೊಂದು ಪಾಲು, ಅದರ ಮೇಲೆ ಹತ್ತಾರು ಚಿಲ್ಲರೆ ತೆರಿಗೆಗಳು. ರೈತರು ನೇಗಿಲನ್ನು ತಲೆಕೆಳಗು ಮಾಡಿ ಊರ ಅಗಸೆಯ ಮುಂದಿನ ಮರಕ್ಕೆ ಕಟ್ಟಿ, ಉಳುವುದಿಲ್ಲವೆಂದು ನಿಂತರಂತೆ. ಅವರ ಬೆನ್ನಿಗೆ ಜಂಗಮರು ಇದ್ದರೆಂದು ಅರಸರಿಗೆ ಸಂಶಯ ಬಂತು. ನಂಜನಗೂಡಿಗೆ ಕರೆಸಿಕೊಂಡ ನಾಲ್ಕು ನೂರಕ್ಕೂ ಮೇಲ್ಪಟ್ಟು ಜಂಗಮರ ತಲೆ ಹಾರಿಸಿದರೆಂದೂ, ಏಳುನೂರು ಮಠಗಳನ್ನು ಕೆಡಿಸಿದರೆಂದೂ ವಿಲ್ಕ್ಸನು ಬರೆದಿದ್ದಾನೆ. ಅವನ ಗ್ರಂಥದ ಮೊದಲ ಸಂಪುಟ ಪ್ರಕಟವಾದದ್ದು ೧೮೧೦ರಲ್ಲಿ, ಅಂದರೆ ಒಂದು ನೂರು ವರುಷಗಳ ಮೇಲೆ. ಕಥೆ ಇದ್ದ ಹಾಗೆಯೇ ನಡೆಯಿತೆಂದು ಒಪ್ಪದ ಇತಿಹಾಸಕಾರರು ಇದ್ದಾರೆ, ಸಂಖ್ಯೆಗಳನ್ನು ನಾವೂ ಒತ್ತಿ ಹೇಳುವುದಿಲ್ಲ. ಆದರೆ ಮಂತ್ರಿ ವಿಶಾಲಾಕ್ಷ ಪಂಡಿತನು ಕೊಲೆಯಾದುದು ನಿಜ; ಅಷ್ಟು ಸಿಟ್ಟು ಕಾರಣವಿಲ್ಲದೆ ಹುಟ್ಟುವುದಿಲ್ಲ. ರಶಿಯದಲ್ಲಿಯೂ ಧರ್ಮಪೀಠ ದೊರೆಗೆ ಅಡ್ಡವೆನಿಸಿತ್ತು. ೧೭೦೦ರಲ್ಲಿ ಅಲ್ಲಿಯ ಮಹಾಗುರು ತೀರಿಕೊಂಡ ಮೇಲೆ ಪೀಟರನು ಆ ಪೀಠವನ್ನು ತೆರವಾಗಿಯೇ ಇಟ್ಟನು. ೧೭೨೧ರಲ್ಲಿ ಅದರ ಸ್ಥಾನದಲ್ಲಿ ಒಂದು ಸರಕಾರಿ ಮಂಡಲಿಯನ್ನು ಕೂಡಿಸಿದನು. ಜನರ ದೂರು ಹೇಳಬಲ್ಲ ಬಾಯಿ ಯಾವುದಿದ್ದರೂ ಇಂಥ ಅರಸರಿಗೆ ಅದು ಸೇರದು.

ಇಷ್ಟು ಹೋಲಿಕೆಯಾದ ಮೇಲೆ ಅಂತರವನ್ನು ನೋಡಬೇಕು. ನಮ್ಮ ದಖ್ಖಣದ ರೈತನು ಕಷ್ಟಪಟ್ಟನು, ಆದರೆ ಮಣ್ಣಿಗೆ ಅಂಟಿದ ಆಸ್ತಿಯಾಗಲಿಲ್ಲ. ತೆರಿಗೆ ತಡೆಯದಾದಾಗ ಎತ್ತು ಹೊಡೆದುಕೊಂಡು ಇನ್ನೊಬ್ಬರ ಸೀಮೆಗೆ ನಡೆದುಬಿಡುತ್ತಿದ್ದನು. ಇದಕ್ಕೆ ಸಾಕ್ಷಿ ಆದಿಲಶಾಹಿಯ ಮತ್ತು ಮರಾಠರ ಕಾಲದ ಕೌಲುಗಳು. ಹಾಳುಬಿದ್ದ ಹಳ್ಳಿಗೆ ಮರಳಿ ಬನ್ನಿ, ಮೊದಲ ವರುಷ ಇಷ್ಟೇ ಕೊಡಿರಿ, ಬರಬರುತ್ತ ಏರಿಸಿ ಪೂರ್ಣ ದರಕ್ಕೆ ಬರೋಣ ಎಂದು ಸರಕಾರವೇ ರೈತನಿಗೆ ಅಭಯ ಕೊಡುವ ಕಾಗದ ಅದು. ಹೀಗೆ ಏರುವ ಕಂದಾಯಕ್ಕೆ ಇಸ್ತಾವಾ ಎಂದು ಹೆಸರು. ಇಲ್ಲಿ ಭೂಮಿ ಹೆಚ್ಚು, ಉಳುವವರು ಕಡಮೆ. ರಶಿಯದಲ್ಲಿಯೂ ಹಾಗೆಯೇ ಇತ್ತು! ಅದೇ ಕೊರತೆಯಿಂದ ಅಲ್ಲಿ ಬೇಡಿ ಹುಟ್ಟಿತು, ಇಲ್ಲಿ ಕೌಲು ಹುಟ್ಟಿತು. ಕಾರಣವೇನು? ಅಲ್ಲಿ ಮಾಸ್ಕೋ ನೆರೆಯ ಅರಸುಗಳನ್ನೆಲ್ಲ ನುಂಗಿದ ಮೇಲೆ ಓಡಿಹೋಗಲು ದೂರದ ಕೊಸಾಕರ ಹುಲ್ಲುಗಾವಲು ಮಾತ್ರ ಉಳಿದಿತ್ತು. ಇಲ್ಲಿ ಹೊಳೆ ದಾಟಿದರೆ ಇನ್ನೊಂದು ಸರಕಾರ. ಗಡಿಯ ದಂಡೆಯಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆಗಿಲ್ಲದೆ ಊರು ಬಿಡುವುದು ಸುಖದ ಮಾತಲ್ಲವೆಂಬುದೂ ಗೊತ್ತು. ಆದರೆ ಬಿಟ್ಟುಹೋದಾನು ಎಂಬ ಅಂಜಿಕೆ ಅರಸನಿಗೆ ಇರುವುದೂ ಒಂದು ಬಲವೇ.

ಚಿಕ್ಕದೇವರಾಜ ಒಡೆಯರ ತರುವಾಯ ಪಟ್ಟವೇರಿದ ಮಗನು ಮೂಕರಸು. ಚಾವಡಿಗಳು ಉಳಿದವು, ಅಧಿಕಾರ ಮೆಲ್ಲಗೆ ದಳವಾಯಿಗಳ ಕೈಗೆ ಜಾರಿತು, ೧೭೬೧ರಲ್ಲಿ ಹೈದರಾಲಿಯ ಕೈಸೇರಿತು. ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡಕ್ಕೆ ಇಂದಿಗೂ ಅಠಾರಾ ಕಚೇರಿ ಎಂದೇ ಹೆಸರು. ಪೀಟರನು ೧೭೨೫ರಲ್ಲಿ ತೀರಿಕೊಂಡನು. ಪಟ್ಟಕ್ಕೆ ಬರಬೇಕಾದ ಮಗ ಅಲೆಕ್ಸಿಯು ೧೭೧೮ರಲ್ಲಿಯೇ ತಂದೆಯ ಸೆರೆಮನೆಯಲ್ಲಿ ಸತ್ತಿದ್ದನು. ಸರದಾರರ ಮೇಲೆ ಪೀಟರನು ಹೊರಿಸಿದ್ದ ಕಡ್ಡಾಯದ ಚಾಕರಿಯನ್ನು ೧೭೬೨ರ ಫೆಬ್ರುವರಿ ೧೮ರಂದು ಅವನ ಮೊಮ್ಮಗನು ತೆಗೆದು ಹಾಕಿದನು. ಆ ಚಾಕರಿಗಾಗಿಯೇ ಅವರಿಗೆ ಒಪ್ಪಿಸಿದ್ದ ರೈತನ ಬಿಡುಗಡೆಯ ಆಜ್ಞೆಗೆ ಸಹಿ ಬಿದ್ದದ್ದು ೧೮೬೧ರ ಫೆಬ್ರುವರಿ ೧೯ರಂದು. ನಡುವೆ ತೊಂಬತ್ತೊಂಬತ್ತು ವರುಷ, ಒಂದು ದಿನ. ಹಿಂದಿನ ಸಾಲಿನ ಆ ಹುಡುಗನಿಗೆ ಈ ಎರಡು ತಾರೀಖುಗಳನ್ನು ಫಲಕದ ಮೇಲೆ ಬರೆದು ತೋರಿಸಿದೆವು. ಲೆಕ್ಕವನ್ನು ಅವನೇ ಮಾಡಿದನು.