ಜರ್ಮನ್ ವೈನ್ ಮಾರ್ಗ

ಜರ್ಮನ್ ವೈನ್ ಮಾರ್ಗ (ಡಾಯ್ಚೆ ವೈನ್‌ಷ್ಟ್ರಾಸೆ): ಜರ್ಮನಿಯ ನೈಋತ್ಯದಲ್ಲಿರುವ ಫಾಲ್ಟ್ಸ್ ಸೀಮೆಯ ದ್ರಾಕ್ಷಿತೋಟಗಳ ನಡುವೆ ಹಾದುಹೋಗುವ ಪ್ರವಾಸಿ ರಸ್ತೆ. ಉದ್ದ ಸುಮಾರು 85 ಕಿ.ಮೀ. ಫ್ರಾನ್ಸಿನ ಗಡಿಗೆ ಅಂಟಿಕೊಂಡಿರುವ ಷ್ವೈಗೆನ್‌ನಿಂದ ಹೊರಟು ಉತ್ತರದ ಬೊಕೆನ್‌ಹೈಮ್‌ನಲ್ಲಿ ಮುಗಿಯುತ್ತದೆ. ದಾರಿಯುದ್ದಕ್ಕೂ ದ್ರಾಕ್ಷಿಗೊಂಚಲಿನ ಚಿತ್ರವಿರುವ ಫಲಕಗಳು ಪ್ರಯಾಣಿಕನಿಗೆ ದಿಕ್ಕು ತೋರಿಸುತ್ತವೆ. 1935ರಲ್ಲಿ ಉದ್ಘಾಟನೆಯಾದ ಇದು ಜಗತ್ತಿನ ಅತಿ ಹಳೆಯ ವೈನ್ ಮಾರ್ಗಗಳಲ್ಲಿ ಒಂದು.

ಪಶ್ಚಿಮಕ್ಕೆ ಹಾರ್ಡ್ಟ್ ಬೆಟ್ಟಸಾಲು, ಪೂರ್ವಕ್ಕೆ ರೈನ್ ನದಿಯ ಬಯಲು. ಮಳೆಮೋಡಗಳನ್ನು ಬೆಟ್ಟ ತಡೆಯುವುದರಿಂದ ಅದರ ತಪ್ಪಲು ಜರ್ಮನಿಯ ಮಟ್ಟಿಗೆ ಬೆಚ್ಚಗಿನ ಸೀಮೆ. ಇಲ್ಲಿ ಬಾದಾಮಿ, ಅಂಜೂರವೂ ಬೆಳೆಯುತ್ತವೆ. ದ್ರಾಕ್ಷಿ ಬೇಸಾಯ ರೋಮನ್ನರ ಕಾಲದ್ದು. ಬಾಟ್ ಡ್ಯುರ್ಕ್‌ಹೈಮ್ ಪಟ್ಟಣಕ್ಕೆ ಸೇರಿದ ಉಂಗ್‌ಷ್ಟೈನ್‌ನಲ್ಲಿ ದ್ರಾಕ್ಷಿ ಹಿಂಡುವ ಮನೆಯ ಸಮೇತ ರೋಮನ್ ತೋಟದ ಮನೆಯೊಂದನ್ನು ಅಗೆದು ತೆಗೆದಿದ್ದಾರೆ. ಇಂದು ಈ ಸೀಮೆಯ ಹೆಸರುವಾಸಿ ತಳಿ ರೀಸ್ಲಿಂಗ್.

ಆದರೆ ಮಾರ್ಗ ಹುಟ್ಟಿದ್ದು ನಿಸರ್ಗದ ಚೆಲುವಿನಿಂದಲ್ಲ, ಮಾರಾಟವಾಗದೆ ಉಳಿದ ವೈನಿನಿಂದ. 1934ರಲ್ಲಿ ಭರ್ಜರಿ ಫಸಲು ಬಂತು. ಕೊಳ್ಳುವವರಿರಲಿಲ್ಲ. ಇದಕ್ಕೆ ಅಧಿಕ ಇಳುವರಿಯೊಂದೇ ಕಾರಣವೆನ್ನುವುದು ಅರ್ಧಸತ್ಯ. ಫಾಲ್ಟ್ಸ್‌ನ ವೈನ್ ವ್ಯಾಪಾರದಲ್ಲಿ ಯಹೂದಿ ವರ್ತಕರ ಪಾಲು ದೊಡ್ಡದಿತ್ತು. ತೋಟದವನಿಗೂ ದೂರದ ನಗರದ ಗಿರಾಕಿಗೂ ನಡುವಿನ ಕೊಂಡಿ ಅವರೇ. 1933ರ ಬಳಿಕ ನಾಜಿ ಆಡಳಿತ ಅವರನ್ನು ಬಹಿಷ್ಕಾರ, ಕಿರುಕುಳಗಳಿಂದ ಹೊರದಬ್ಬಿತು. ಅವರ ಜೊತೆ ಮಾರುಕಟ್ಟೆಯೂ ಹೋಯಿತು. ತಾನೇ ತಂದುಕೊಂಡ ಸಂಕಟಕ್ಕೆ ಆಡಳಿತ ಹುಡುಕಿದ ಮದ್ದು ಪ್ರಚಾರ. ಒಂದೊಂದು ನಗರ ಒಂದೊಂದು ವೈನ್ ಊರನ್ನು ದತ್ತು ತೆಗೆದುಕೊಂಡು ಅದರ ವೈನನ್ನು ಕುಡಿಯಬೇಕೆಂಬ ಅಭಿಯಾನ ನಡೆಯಿತು. ಅದರ ಬೆನ್ನಿಗೇ ಗಿರಾಕಿಯನ್ನು ತೋಟದ ಬಾಗಿಲಿಗೆ ಕರೆತರುವ ರಸ್ತೆಯ ಯೋಜನೆ ಬಂತು. ಆ ಸೀಮೆಯ ನಾಜಿ ಪಕ್ಷದ ಮುಖ್ಯಸ್ಥ ಯೋಸೆಫ್ ಬ್ಯುರ್ಕೆಲ್ 1935ರ ಅಕ್ಟೋಬರ್ 19ರಂದು ಅದನ್ನು ಉದ್ಘಾಟಿಸಿದ. ಹೊಸ ರಸ್ತೆಯನ್ನೇನೂ ಕಡಿದಿರಲಿಲ್ಲ. ಊರೂರಿನ ನಡುವೆ ಇದ್ದ ದಾರಿಗಳಿಗೇ ಒಂದು ಹೆಸರು ಕೊಟ್ಟು, ಫಲಕ ನೆಟ್ಟರು. ಇದೇ ಬ್ಯುರ್ಕೆಲ್ 1940ರ ಅಕ್ಟೋಬರ್‌ನಲ್ಲಿ, ನೆರೆಯ ಬಾಡನ್‌ನ ಮುಖ್ಯಸ್ಥನೊಡನೆ ಸೇರಿ, ಎರಡೂ ಸೀಮೆಗಳ 6,500ಕ್ಕೂ ಹೆಚ್ಚು ಯಹೂದಿಗಳನ್ನು ದಕ್ಷಿಣ ಫ್ರಾನ್ಸಿನ ಗುರ್ಸ್ ಶಿಬಿರಕ್ಕೆ ಗಡೀಪಾರು ಮಾಡಿಸಿದ. ಮಾರ್ಗದ ಇತಿಹಾಸ ಹೇಳುವಾಗ ಈ ಸಂಗತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಷ್ವೈಗೆನ್‌ನಲ್ಲಿ ಮೊದಲು ಮರದ ಕಮಾನು ನಿಲ್ಲಿಸಿದ್ದರು. 1936ರಲ್ಲಿ ಅದರ ಬದಲು ಸುಮಾರು 18 ಮೀಟರ್ ಎತ್ತರದ ಕಲ್ಲಿನ ಮಹಾದ್ವಾರ ‘ವೈನ್‌ಟೋರ್’ ಎದ್ದಿತು. ವೈನಿಗಿಂತ ಹೆಚ್ಚಾಗಿ ಗಡಿಯಾಚೆಯವರಿಗೆ ಅಧಿಕಾರದ ಗತ್ತು ತೋರಿಸುವ ಕಟ್ಟಡವಿದು. ಅದರ ಮೇಲೆ ಕೆತ್ತಿದ್ದ ಹದ್ದು ಈಗಲೂ ಇದೆ. ಯುದ್ಧಾನಂತರ ಅದರ ಕಾಲಬುಡದ ಸ್ವಸ್ತಿಕವನ್ನು ಮಾತ್ರ ತೆಗೆಯಲಾಯಿತು. ಉತ್ತರದ ತುದಿಗೆ ಜೋಡಿಯಾಗಿ ಕಟ್ಟಡವೊಂದು ಬರಲು 1995ರವರೆಗೆ ಕಾಯಬೇಕಾಯಿತು. ರೋಮನ್ ಕೋಟೆಯನ್ನು ನೆನಪಿಸುವ ‘ವೈನ್ ಮಾರ್ಗದ ಮನೆ’ ಬೊಕೆನ್‌ಹೈಮ್‌ನಲ್ಲಿ ರಸ್ತೆಗೆ ಅಡ್ಡಲಾಗಿ, ಅದರ ಮೇಲೇ ನಿಂತಿದೆ.

ಹೆಸರು ಬಲುಬೇಗ ಊರುಗಳಿಗೆ ಅಂಟಿತು. ನೊಯ್‌ಷ್ಟಾಟ್ 1936ರಲ್ಲಿ ‘ವೈನ್ ಮಾರ್ಗದ ನೊಯ್‌ಷ್ಟಾಟ್’ ಆಯಿತು. 1945ರಲ್ಲಿ ಅದನ್ನು ಕಳಚಿ ಹಿಂದಿನಂತೆ ಹಾರ್ಡ್ಟ್ ಬೆಟ್ಟದ ಹೆಸರನ್ನೇ ಸೇರಿಸಿಕೊಂಡಿತು. 1950ರಲ್ಲಿ ಮತ್ತೆ ವೈನ್ ಮಾರ್ಗಕ್ಕೇ ಮರಳಿತು. ಹುಟ್ಟಿನ ಕಳಂಕಕ್ಕಿಂತ ವ್ಯಾಪಾರದ ಲಾಭ ದೊಡ್ಡದಾಗಿ ಕಂಡಿರಬೇಕು. 1953ರಲ್ಲಿ ಗಡಿಯಾಚೆಯ ಅಲ್ಸಾಸ್ ಕೂಡ ತನ್ನದೇ ವೈನ್ ಮಾರ್ಗ ತೆರೆಯಿತು. ಅದರ ಉದ್ದ ಸುಮಾರು 170 ಕಿ.ಮೀ.

ಬಾಟ್ ಡ್ಯುರ್ಕ್‌ಹೈಮ್‌ನ ದೈತ್ಯ ಪೀಪಾಯಿ 1934ರದ್ದು. 17 ಲಕ್ಷ ಲೀಟರ್ ಹಿಡಿಯುವಷ್ಟು ದೊಡ್ಡದಾದರೂ ಅದರೊಳಗೆ ಒಂದು ದಿನವೂ ವೈನ್ ತುಂಬಲಿಲ್ಲ, ಅದು ಹೋಟೆಲು. ಅದೇ ಪಟ್ಟಣದಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ‘ವುರ್ಸ್ಟ್‌ಮಾರ್ಕ್ಟ್’, ಅಂದರೆ ಸಾಸೇಜ್ ಸಂತೆ, ನಿಜಕ್ಕೂ ವೈನಿನ ಜಾತ್ರೆಯೇ. ಅಲ್ಲಿ ವೈನಿಗೆ ಸೋಡಾ ಬೆರೆಸಿದ ‘ಷೋರ್ಲೆ’ಯನ್ನು ಅರ್ಧ ಲೀಟರಿನ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಜಿಡ್ಡುಗೈಯಿಂದ ಜಾರದಂತೆ ಲೋಟದ ಮೈತುಂಬ ಗುಳಿಗಳಿರುತ್ತವೆ. ಮೇಜಿನ ಸುತ್ತ ಕೂತವರೆಲ್ಲ ಅದನ್ನೇ ಕೈಯಿಂದ ಕೈಗೆ ದಾಟಿಸುತ್ತ ಕುಡಿಯುವುದು ರೂಢಿ. ಡೈಡೆಸ್‌ಹೈಮ್ ಊರಿನ ಖ್ಯಾತಿಗೆ ಕಾರಣ ಬೇರೆ: ಇದೇ ಸೀಮೆಯವನಾದ ಚಾನ್ಸಲರ್ ಹೆಲ್ಮುಟ್ ಕೋಲ್ ಮಾರ್ಗರೆಟ್ ಥ್ಯಾಚರ್, ಮಿಖಾಯಿಲ್ ಗೋರ್ಬಚೇವ್ ಮೊದಲಾದ ಅತಿಥಿಗಳಿಗೆ ಅಲ್ಲಿ ಊಟ ಹಾಕಿಸಿದ.

ಮಾರ್ಚ್ ಹೊತ್ತಿಗೆ ಬಾದಾಮಿ ಮರಗಳು ಹೂಬಿಡುತ್ತವೆ. ಸೆಪ್ಟೆಂಬರ್-ಅಕ್ಟೋಬರ್ ದ್ರಾಕ್ಷಿ ಕೊಯ್ಲಿನ ಕಾಲ. ಆಗಸ್ಟ್ ಕೊನೆಯ ಭಾನುವಾರ ಹಗಲಿಡೀ ಮಾರ್ಗವನ್ನು ಮೋಟಾರು ವಾಹನಗಳಿಗೆ ಮುಚ್ಚಿ ಸೈಕಲ್ ಸವಾರರಿಗೂ ಪಾದಚಾರಿಗಳಿಗೂ ಬಿಟ್ಟುಕೊಡುತ್ತಾರೆ. ಕಾರಿನಲ್ಲಿ ಹೋಗಬೇಕೆನ್ನುವವರು ಆ ಒಂದು ದಿನವನ್ನು ಬಿಟ್ಟು ಬೇರೆ ದಿನ ಹೊರಡುವುದು ಒಳ್ಳೆಯದು.