ರಾಜಧಾನಿ ಹಾಳಾಯಿತು, ಕಾಲುವೆ ಉಳಿಯಿತು

ಯುಗಾದಿ ಹತ್ತಿರ ಬಂದಿತ್ತು. ಹೊಂಗೆ ಚಿಗುರಿತ್ತು, ಬೇವು ಹೂ ಬಿಟ್ಟಿತ್ತು. ಬಿಸಿಲೇರುವ ಮೊದಲೇ ನಾವು ಹಂಪಿಯ ಕೃಷ್ಣ ಗುಡಿ ಹತ್ತಿರ ಬೈಕ್ ನಿಲ್ಲಿಸಿ, ತುರ್ತಾ ಕಾಲುವೆಯ ದಂಡೆ ಹಿಡಿದು ನಡೆದೆವು. ನೀರು ಹರಿಯುವ ಕಡೆಯೆಲ್ಲ ಬಾಳೆ ತೋಟ, ಭತ್ತದ ಗದ್ದೆ. ನೀರು ಹತ್ತದ ಕಡೆ ಬಂಡೆ, ಜಾಲಿ, ಕುರುಚಲು ಕಾಡು.

ಬಾಳೆಗೆ ನೀರು ತಿರುವುತ್ತಿದ್ದ ತಾತ ನಮ್ಮನ್ನು ನೋಡಿ, "ಗುಡಿ ಆ ಕಡೆ ಅದಾವ್ರೀ, ಇಲ್ಲೇನು ನೋಡ್ತೀರಿ?" ಎಂದರು. ಕಾಲುವೆ ನೋಡಾಕ ಬಂದೀವಿ ಎಂದೆವು. ನಕ್ಕು, "ಇದೂ ರಾಯರ ಕಾಲದ್ದೇ. ಇದಕ್ಕೆ ಟಿಕೆಟ್ ಇಲ್ಲ ನೋಡ್ರಿ" ಎಂದರು.

ತಾತ ಹೇಳಿದ್ದು ನಿಜ. 1336ರ ಸುಮಾರಿಗೆ ಹುಟ್ಟಿದ ವಿಜಯನಗರ ನಿಂತದ್ದು ಮಳೆ ಕಡಿಮೆ ಇರುವ ಕಲ್ಲು ನೆಲದ ಮೇಲೆ. ಪಕ್ಕದಲ್ಲೇ ತುಂಗಭದ್ರೆ ಇದ್ದರೂ ಹೊಳೆ ತಗ್ಗಿನಲ್ಲಿತ್ತು. ಹಾಗಾಗಿ ಊರಿಗಿಂತ ಮೇಲೆ, ಹೊಳೆಯೊಳಗಿನ ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ ಒಡ್ಡು ಕಟ್ಟಿದರು. ನೀರು ತುಸು ಮೇಲೆದ್ದಿತು. ಅಲ್ಲಿಂದ ಗುಡ್ಡದ ಬುಡ ಬಳಸುತ್ತಾ, ಇಳಿಜಾರು ತಪ್ಪದಂತೆ ಕಾಲುವೆ ತಂದರು. ಪಂಪಿಲ್ಲ, ಕರೆಂಟಿಲ್ಲ.

1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಒಂದು ಮಾತು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ಕೆರೆ ಕಟ್ಟಿಸಿ, ಅದರ ನೀರು ಹರಿಯುವ ಭೂಮಿಗೆ 9 ವರ್ಷ ಕಂದಾಯ ಬಿಟ್ಟನಂತೆ. ರೈತ ಮೊದಲು ಹೊಲ ಹಸನು ಮಾಡಿಕೊಳ್ಳಲಿ, ಆಮೇಲೆ ಕೊಡಲಿ ಎಂಬ ಲೆಕ್ಕ.

1565ರ ಯುದ್ಧದಲ್ಲಿ ಸೋತ ಮೇಲೆ ರಾಜಧಾನಿ ಹಾಳಾಯಿತು. ಅರಮನೆ ಇದ್ದಲ್ಲಿ ಈಗ ಬರೀ ತಳಪಾಯ. ಕಾಲುವೆ ಮಾತ್ರ ಹರಿಯುತ್ತಿದೆ. ಹೂಳು ತೆಗೆಯದ ಕಾಲುವೆ ಎಷ್ಟು ಬೇಗ ಮುಚ್ಚಿಹೋಗುತ್ತದೆ ಎಂಬುದು ನಿಮಗೇ ಗೊತ್ತು. ಅಂದರೆ ರಾಜರು ಹೋದ ಮೇಲೂ ಯಾರೋ ಹೂಳೆತ್ತಿದ್ದಾರೆ, ದಂಡೆ ಒಡೆದಾಗ ಮಣ್ಣು ಹೊತ್ತಿದ್ದಾರೆ. ಅವರ ಹೆಸರು ಯಾವ ಶಾಸನದಲ್ಲೂ ಸಿಗಲಿಕ್ಕಿಲ್ಲ.

1953ರಲ್ಲಿ ತುಂಗಭದ್ರಾ ಡ್ಯಾಂ ಬಂತು. ಹಳೆಯ ಒಡ್ಡುಗಳಲ್ಲಿ ಕೆಲವು ಹಿನ್ನೀರಿನಲ್ಲಿ ಮುಳುಗಿದವು. ರಾಯ ಕಾಲುವೆ, ಬಸವಣ್ಣ ಕಾಲುವೆಗೆ ಈಗ ಡ್ಯಾಂನಿಂದಲೇ ನೀರು. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟ್ ಕೊಚ್ಚಿಹೋದಾಗ ಈ ಭಾಗದ ರೈತರ ಎದೆ ಒಡೆದದ್ದು ಇದಕ್ಕೇ.

ವಾಪಸ್ ಬರುವಾಗ ಬಡವಿಲಿಂಗದ ಮುಂದೆ ನಿಂತೆವು. ಸುಮಾರು 9 ಅಡಿಯ ಲಿಂಗ, ಬುಡದಲ್ಲಿ ಕಾಲುವೆ ನೀರು. ಅಲ್ಲಿ ಎಲ್ಲರೂ ಫೋಟೊ ತೆಗೆಯುತ್ತಿದ್ದರು. ಆದರೆ ನಾವು ನಡೆದು ಬಂದ ದಂಡೆಯುದ್ದಕ್ಕೂ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಕವರ್. ಗುಡಿ ಕಾಯಲು ಕಾವಲುಗಾರರಿದ್ದಾರೆ. ಕಾಲುವೆ ಕಾಯಲು ತಾತನಂಥವರೇ ಇರುವುದು.

ನಿಮ್ಮೂರಲ್ಲೂ ಹಳೆಯ ಕಾಲುವೆಯೋ ಕೆರೆಯೋ ಇದ್ದೀತು. ಮೊದಲು ಹೂಳು ಯಾರು ತೆಗೆಯುತ್ತಿದ್ದರು, ನೀರಗಂಟಿ ಯಾರಿದ್ದರು ಎಂದು ಹಿರಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ.