ನಮ್ಮ ಆಯೀ ಪುತಳಿ ಸರ

ಹೋದ ತಿಂಗಳ ಒಂದಿನ ಮುಂಜಾನೆ, ನಾ ಇನ್ನೂ ಚಹಾ ಸೋಸ್ಲಿಕತ್ತಿದ್ದೆ, ವೈನಿ ಫೋನ್ ಬಂತು. "ಬಂಗಾರದ ರೇಟು ನೋಡಿದ್ಯೇನವಾ? ನಾ ನನ್ನ ಪಾಲಿನ ಪುತಳಿ ಕರಗಿಸಿಬಿಡತೇನಿ. ಹುಡುಗಿ ಲಗ್ನಕ್ಕ ಒಂದು ಛಲೋ ನೆಕ್ಲೆಸ್ ಆಗತದ. ನಿಂದೂ, ಅಕ್ಕಂದೂ ಕೊಟ್ರ ಮೂರೂ ಕೂಡಿಸಿ ಮಾಡಸೋಣು, ಆಮ್ಯಾಲೆ ಲೆಕ್ಕಾ ಮಾಡೋಣು" ಅಂದ್ರು.

ಪುತಳಿ ಸರ ನಿಮ್ಮೆಲ್ಲಾರ ಮನ್ಯಾಗೂ ಒಂದು ಕಾಲಕ್ಕ ಇದ್ದದ್ದ. ಬಂಗಾರದ ಸಣ್ಣ ಸಣ್ಣ ಬಿಲ್ಲಿ, ಒಂದೊಂದಕ್ಕೂ ಮ್ಯಾಲೆ ಕೊಂಡಿ, ರೇಷ್ಮಿ ದಾರದಾಗ ಪೋಣಿಸಿದ್ದು. ನಮ್ಮ ಆಯೀ ಸರದಾಗ 21 ಪುತಳಿ ಇದ್ವು. ಆಯಿ ಹೋದಮ್ಯಾಲೆ ಅವ್ವ ದಾರಾ ಬಿಚ್ಚಿ ಮೂರೂ ಮಕ್ಕಳಿಗೆ ಏಳೇಳು ಹಂಚಿದ್ಲು. ಅಣ್ಣನ ಪಾಲಿಂದು ವೈನಿ ಹತ್ರ, ಅಕ್ಕಂದು ಅಕ್ಕನ ಹತ್ರ, ನಂದು ನನ್ನ ಕಪಾಟಿನ್ಯಾಗ.

"ಹದಿನೈದ ದಿನಾ ತಡೀರಿ ವೈನಿ" ಅಂದೆ. ಯಾಕ ತಡೀಬೇಕು ಅಂತ ಅವರು ಕೇಳಲಿಲ್ಲ. ನನಗ ಮೂರ್ನಾಲ್ಕು ವರ್ಷದಿಂದ ನಾಣ್ಯದ ಹುಚ್ಚು ಹಿಡದದ ಅನ್ನೂದು ಊರಿಗೇ ಗೊತ್ತದ.

ಈ ಹುಚ್ಚು ಶುರುವಾಗಿದ್ದ ಒಂದು ತಪ್ಪಿನಿಂದ. ದೀಪಾವಳಿ ಲಕ್ಷ್ಮೀಪೂಜಾಕ್ಕ ಇಡೋ ಬೆಳ್ಳಿ ರೂಪಾಯಿ ಒಂಬತ್ತು ಇದ್ವು, ಆಯೀ ಕಾಲದ್ದು, ಕರ್ರಗಾಗಿದ್ವು. ಹಬ್ಬಕ್ಕ ಮೊದಲ ಹುಣಸಿ ಹಣ್ಣು, ಬೂದಿ ಹಚ್ಚಿ ತಿಕ್ಕಿದೆ ನೋಡ್ರಿ, ಸಮಯಿಗಿಂತ ಹೆಚ್ಚ ಹೊಳೀಲಿಕತ್ವು. ಪೂಜಾಕ್ಕ ಬಂದವರೊಳಗ ನಾಣ್ಯ ಕೂಡಸೋ ಹಿರಿಯರೊಬ್ಬರು ಇದ್ರು. ಒಂದು ಕೈಯಾಗ ತಗೊಂಡು ನೋಡಿ, "ಏನ್ ಮಾಡಿದ್ಯವಾ ತಂಗಿ, ನೂರು ವರ್ಷದ ಮೈ ತಿಕ್ಕಿ ತಗದಬಿಟ್ಯಲ್ಲ" ಅಂದ್ರು. ಆ ಕರಿ ಬಣ್ಣ ಹೊಲಸಲ್ಲಂತ. ಅದು ಬೆಳ್ಳಿ ತನ್ನಷ್ಟಕ್ಕ ತಾ ಹಾಕ್ಕೊಂಡ ಹೊದಿಕಿ. ಬೂದಿಯಿಂದ ತಿಕ್ಕಿದ್ರ ರಾಣಿ ಕೂದಲ ಎಳಿ, ಸೀರಿಯಂಥಾ ಉಡುಪಿನ ನಿರಗಿ, ಎಲ್ಲಾ ಸವದು ಹೋಗತಾವ. ತಿಕ್ಕಿದ್ದು ಬಲ್ಲವರಿಗೆ ಒಂದ ನೋಟಕ್ಕ ಗೊತ್ತಾಗತದ, ಅವರು ಬೆಳ್ಳಿ ಕಿಮ್ಮತ್ತಿಗಿಂತ ಹೆಚ್ಚ ಕೊಡೂದಿಲ್ಲ. ಕುಂಕುಮ, ಎಣ್ಣಿ ಅಂಟಿದ್ರ ಬರೇ ನೀರಾಗ ನೆನಸಿಟ್ಟು, ಮೆತ್ತನ್ನ ಅರಬೀಲೆ ಒತ್ತಿ ಒಣಗಸೂದು, ಇಷ್ಟ. ಇದೊಂದು ಮಾತು ನೆನಪಿಟ್ಕೊಳ್ರಿ, ನಿಮ್ಮ ದೇವರ ಮನ್ಯಾಗಿನ ರೂಪಾಯಿ ಉಳೀತಾವ.

ಅವತ್ತಿನಿಂದ ಪ್ರಾಯಶ್ಚಿತ್ತ ಅಂತ ಓದ್ಲಿಕ್ಕೆ ಕೂತೆ. ಆ ಒಂಬತ್ತರೊಳಗ ಎರಡರ ಮ್ಯಾಲೆ 1862 ಅಂತ ಇತ್ತು. ಜೋಡಿ ನಾಣ್ಯ ಅಂತ ತಿಳಕೊಂಡಿದ್ದೆ. ಹಂಗಲ್ಲ. 1862ರ ಇಸವಿಯನ್ನ ಟಂಕಸಾಲಿಯವರು 1873ರ ತನಕಾ ಹಂಗ ಛಾಪಿಸಿದ್ರು, ಯಾವ ವರ್ಷದ್ದು ಅನ್ನೂದು ಸಣ್ಣ ಸಣ್ಣ ಚುಕ್ಕಿ ಎಣಿಸಿ ತಿಳಕೋಬೇಕು. 1877ರಿಂದ ರಾಣಿ ಹೆಸರಿನ ಹಿಂದ ಕ್ವೀನ್ ಹೋಗಿ ಎಂಪ್ರೆಸ್ ಬಂತು. ಕಿರೀಟಾ ಇಲ್ಲದ ಬೋಳ ತಲೀ ರಾಜಾ ಅಂತ ಆಯಿ ನಗತಿದ್ಲಲ್ಲ, ಅವಾ ಏಳನೇ ಎಡ್ವರ್ಡ್, ವಿಕ್ಟೋರಿಯಾ ಮಗಾ. ಐದನೇ ಜಾರ್ಜನ 1911ರ ರೂಪಾಯಿದು ಬ್ಯಾರೆ ಕಥಿ. ಅವನ ಉಡುಪಿನ ಮ್ಯಾಲಿನ ಆನಿ ಚಿತ್ರದ ಸೊಂಡಿ ಎಷ್ಟ ಗಿಡ್ಡ ಇತ್ತಂದ್ರ ಮಂದಿ ಅದನ್ನ ಹಂದಿ ಅಂದ್ರು. ಗದ್ದಲ ಆಗಿ ಸರಕಾರ ನಾಣ್ಯ ವಾಪಸ್ ತಗೊಂಡು, 1912ರಾಗ ಆನಿ ಚಿತ್ರ ತಿದ್ದಿಸಿತು. ನಮ್ಮಲ್ಲೆ ಇದ್ದದ್ದು 1912ರದ್ದ ಬಿಡ್ರಿ, ಅಷ್ಟ ದೈವ ಎಲ್ಲಿಂದ ಬರಬೇಕು.

ಹಳೀ ರೂಪಾಯಿ ತೂಕ ಒಂದು ತೊಲಿ, ಅಂದ್ರ 11.66 ಗ್ರಾಂ. 80 ರೂಪಾಯಿ ತೂಕಕ್ಕ ಒಂದು ಸೇರು. ಅದರಾಗ ಹನ್ನೆರಡು ಪಾಲಿನೊಳಗ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕರ್ಧ ಆತು. 1947ರ ರೂಪಾಯಿ ಬರೇ ನಿಕ್ಕಲ್, ಫ್ರಿಜ್ ಮ್ಯಾಲಿನ ಅಯಸ್ಕಾಂತಕ್ಕ ಟಕ್ ಅಂತ ಹತ್ತತದ. ಖರೆ, ಖೊಟ್ಟಿ ನೋಡ್ಲಿಕ್ಕೆ ಪತ್ತಾರನ ಕಡೆನ ಹೋಗಬೇಕಂತಿಲ್ಲ. ನೀರಿನ ವಾಟಿಗಾ ಸಣ್ಣ ತಕ್ಕಡಿ ಮ್ಯಾಲಿಟ್ಟು ಸೊನ್ನಿಗೆ ತರ್ರಿ, ರೂಪಾಯಿ ದಾರಕ್ಕ ಕಟ್ಟಿ ತಳಾ ಮುಟ್ಟದಂಗ ನೀರಾಗ ಇಳಿಬಿಡ್ರಿ. ತಕ್ಕಡಿ ಸುಮಾರು 1.13 ತೋರಿಸಿದ್ರ ಹಳೀ ಬೆಳ್ಳಿ. ಭಾಳ ಹೆಚ್ಚ ತೋರಿಸಿದ್ರ ಒಳಗ ಹಗುರ ಧಾತು ಅದ. ನಮ್ಮ ಒಂಬತ್ತೂ ಪಾಸ್ ಆದ್ವು. ಮೈ ಹೋದ್ರೂ ಮಾನ ಉಳೀತು.

ಬಾಜೂ ಮನಿ ಕಾಕು ಇದನ್ನ ನೋಡಿ ತಮ್ಮ ಹತ್ರ ಇದ್ದ ತಾಮ್ರದ ರಾಮ ದರಬಾರದ ನಾಣ್ಯ ತಂದ್ರು. ಒಂದು ಮಗ್ಗಲಿಗೆ ರಾಮ, ಸೀತಾ, ಲಕ್ಷ್ಮಣ, ಹನುಮಂತ. ಇನ್ನೊಂದು ಮಗ್ಗಲಿಗೆ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧಾ ಆಣೆ ಅಂತ. ಲಕ್ಷಗಟ್ಟಲೆ ಬರತದ ಅಂತ ಯಾರೋ ಹೇಳಿದ್ರಂತ. ಹೇಳ್ಲಿಕ್ಕೆ ಕೆಟ್ಟ ಅನಿಸ್ತು, ಆದ್ರ ಹೇಳಿದೆ. ಕಂಪನಿ ಹಿಂಥಾ ಅರ್ಧಾ ಆಣೆ ಎಂದೂ ಹೊರಡಿಸಿಲ್ಲ, ಇದು ಜಾತ್ರಿ, ಗುಡಿ ಮುಂದ ಮಾರೋ ಬಿಲ್ಲಿ. ದೇವರ ಹತ್ರ ಇಡ್ರಿ, ಮಾರ್ಲಿಕ್ಕೆ ಹೋಗಬ್ಯಾಡ್ರಿ. "ನಿಮ್ಮ ನಾಣ್ಯಕ್ಕ ಹತ್ತ ಲಕ್ಷ ಕೊಡತೇವಿ, ಮೊದಲ ರಿಜಿಸ್ಟ್ರೇಶನ್ ಫೀ ಕಟ್ರಿ" ಅನ್ನೋ ಫೋನು ಬಂದ್ರಂತೂ ಇಟ್ಟಬಿಡ್ರಿ. ನಾವು ಹಿಂಥಾ ವ್ಯವಹಾರ ಮಾಡೂದಿಲ್ಲ, ಫೀ ತಗೊಳ್ಳೂದಿಲ್ಲ ಅಂತ ರಿಸರ್ವ್ ಬ್ಯಾಂಕು 2021ರಾಗ ಪ್ರಕಟಣಿ ಕೊಟ್ಟದ.

ಇರಲಿ, ಪುತಳೀಗೆ ಬರೂಣು.

ಪುತಳಿ ಮ್ಯಾಲೆ ಇರೋದು ರಾಮ ಸೀತಾ ಅಂತ ಆಯಿ ಹೇಳತಿದ್ಲು. ಒಬ್ಬರು ನಿಂತಾರ, ಇನ್ನೊಬ್ಬರು ಮೊಣಕಾಲೂರಿ ಕೂತಾರ, ನಡುವ ಉದ್ದಾನ ಕೋಲು. ನಾನೂ ಹಂಗ ನಂಬಿ ಕೈ ಮುಗದಾಕಿ. ಓದಿದಮ್ಯಾಲೆ ಗೊತ್ತಾತು, ನಿಂತವರು ಸಂತ ಮಾರ್ಕ್, ಇಟಲಿಯ ವೆನಿಸ್ ನಗರದ ಕುಲದೈವ ಇದ್ದಂಗ. ಕೂತವನು ಡೋಜ್, ಅಂದ್ರ ಆ ಊರಿನವರು ಜೀವನಪೂರ್ತಿ ಆರಿಸಿದ ಮುಖಂಡ. ಸಂತ ಅವನಿಗೆ ಧ್ವಜಾ ಕೊಡಲಿಕತ್ತಾನ. ಹಿಂದಿನ ಮಗ್ಗಲಿಗೆ ಮೊಟ್ಟಿ ಆಕಾರದ ಚೌಕಟ್ಟಿನ್ಯಾಗ, ಚಿಕ್ಕಿ ನಡುವ, ಏಸು ಕ್ರಿಸ್ತ. ನಮ್ಮ ಆಯಿ, ದಿನಾ ಮಡೀಲೆ ಅಡಗಿ ಮಾಡಾಕಿ, ಅರವತ್ತು ವರ್ಷ ಏಸುನ್ನ ಎದಿ ಮ್ಯಾಲೆ ಹಾಕ್ಕೊಂಡು ತುಳಸಿ ಪೂಜಾ ಮಾಡಿದ್ಲು!

ಈ ನಾಣ್ಯದ ಹೆಸರು ಡುಕಾಟ್. 1284ರಾಗ ವೆನಿಸಿನವರು ಮೊದಲ ಸಲ ಛಾಪಿಸಿದ್ರು. ತೂಕ ಸುಮಾರು ಮೂರೂವರಿ ಗ್ರಾಂ, ಬಂಗಾರ ಹೆಚ್ಚುಕಡಿಮಿ ಪೂರಾ ಅಪರಂಜಿ. 1797ರಾಗ ನೆಪೋಲಿಯನ್ ಆ ಗಣರಾಜ್ಯ ಮುಗಸೋತನಕಾ, ಐದನೂರು ವರ್ಷ, ಚಿತ್ರಾನೂ ಬದಲಾಗಲಿಲ್ಲ, ಬಂಗಾರದ ಶುದ್ಧಾನೂ ಕೆಡಲಿಲ್ಲ. ಬದಲಾಗತಿದ್ದದ್ದು ಡೋಜ್ ಹೆಸರು ಒಂದ. ಇಸವಿನೂ ಹಾಕತಿದ್ದಿಲ್ಲ. ಅಕ್ಷರ ಬಾರದ ವ್ಯಾಪಾರಿನೂ ಚಿತ್ರಾ ನೋಡಿ ತಗೋತಿದ್ದ. ಚಿತ್ರಾ ಬದಲಾದ್ರ ಸಂಶಾ ಬರತದಲ್ಲ.

ಅಷ್ಟ ದೂರದಿಂದ ನಮ್ಮಲ್ಲೆ ಯಾಕ ಬಂತು? ಮೆಣಸಿಗೆ. ನಾವು ಸಾರಿಗೆ ಕುಟ್ಟಿ ಹಾಕೋ ಕರಿ ಮೆಣಸು, ಶುಂಠಿ, ಯಾಲಕ್ಕಿ. ಪಶ್ಚಿಮ ಘಟ್ಟದ ಮೆಣಸು ಅರಬ ವ್ಯಾಪಾರಿಗಳ ಹಡಗದಾಗ ಕೆಂಪು ಸಮುದ್ರಕ್ಕ ಹೋಗಿ, ಈಜಿಪ್ತಿನ ಅಲೆಕ್ಸಾಂಡ್ರಿಯಾದಾಗ ವೆನಿಸಿನವರ ಕೈಗೆ ಸಿಗತಿತ್ತು. ಬದಲಿಗೆ ಕೊಡ್ಲಿಕ್ಕೆ ಅವರ ಹತ್ರ ನಮಗ ಬೇಕಾದ ಸಾಮಾನು ಭಾಳ ಇದ್ದಿಲ್ಲ, ಬಂಗಾರ, ಬೆಳ್ಳಿ ಕೊಟ್ರು. ಅದು ಕೈಯಿಂದ ಕೈಗೆ ದಾಟಿ ಮಲಬಾರ, ಕೊಂಕಣ, ಗುಜರಾತದ ಬಂದರಕ್ಕ ಬಂತು. ನಮ್ಮ ವಿಜಯನಗರದ ವರಹದ ತೂಕಾನೂ ಹತ್ತತ್ರ ಅಷ್ಟ, ಮೂರು ಗ್ರಾಂ ಚಿಲ್ಲರ. ಹಿಂಗಾಗಿ ಡುಕಾಟ್ ಒಪ್ಪಿಕೊಳ್ಳಲಿಕ್ಕೆ ಯಾರಿಗೂ ತ್ರಾಸ ಆಗಲಿಲ್ಲ. ಬಂದದ್ದರೊಳಗ ಎಷ್ಟೋ ಪ್ಯಾಟ್ಯಾಗ ಉಳೀಲಿಲ್ಲ, ಹೆಣ್ಮಕ್ಕಳ ಕೊರಳಿಗೆ ಏರಿತು. ಕೇರಳದ ಕಡೆ ಆ ಧ್ವಜದ ಕೋಲನ್ನ ತೆಂಗಿನ ಗಿಡಾ ಅಂತಲೂ, ಡೋಜನ್ನ ಗಿಡಾ ಏರಾಂವ ಅಂತಲೂ ತಿಳದು ಶಾನಾರ ಕಾಸು ಅಂದ್ರು. ನಮ್ಮ ಕಡೆ, ಮರಾಠಿ ಸೀಮಿ ಕಡೆ ಬೊಂಬಿ ಇದ್ದದ್ದಕ್ಕ ಪುತಳಿ ಅಂದ್ರು.

ಆದ್ರ ಎಲ್ಲಾರ ಕೊರಳಿಗೆ ಸಾಲೋವಷ್ಟು ಅಸಲಿ ಡುಕಾಟ್ ಎಲ್ಲಿ ಸಿಗಬೇಕು? ನಮ್ಮ ಪತ್ತಾರರು ಇಲ್ಲೇ ಅಚ್ಚು ಕೊರದು ಮಾಡ್ಲಿಕ್ಕೆ ಶುರು ಮಾಡಿದ್ರು. ಇದು ಮೋಸ ಅಲ್ಲ, ಬಂಗಾರ ಬಂಗಾರನ. ಅವರಿಗೆ ಲ್ಯಾಟಿನ್ ಅಕ್ಷರ ಎಲ್ಲಿ ಬರಬೇಕು, ಚಿತ್ರಾ ಅಂತ ತಿಳದು ಕೊರದ್ರು. ಹಿಂಗಾಗಿ ನಕಲು ಪುತಳೀ ಮ್ಯಾಲಿನ ಅಕ್ಷರ ಒಂದು ಗೆರಿ, ಒಂದು ಸೊನ್ನಿ, ಒಂದು ಚುಕ್ಕಿ, ಹುಡುಗರು ಅಂಗಳದಾಗ ಗೀಚಿದಂಗ. ಅದ ಗುರುತು.

ಆ ಐತವಾರ ಅಕ್ಕ, ವೈನಿ ಇಬ್ಬರೂ ಪುತಳಿ ತಗೊಂಡು ನಮ್ಮ ಮನಿಗೆ ಬಂದ್ರು. ನಂದು ಕೆಂಪು ಚೀಲಾ, ಅಕ್ಕಂದು ಹಳದಿ, ವೈನೀದು ಹಸರು. ಬಿಳೀ ಧೋತರ ಮ್ಯಾಲೆ ತಾಟಿಟ್ಟು ಒಂದೊಂದ ಭೂತಗನ್ನಡಿಲೆ ನೋಡಿ ತೂಗಿದೆ. ಎಲ್ಲಾ ಎರಡೂವರಿಯಿಂದ ಮೂರು ಗ್ರಾಂ ಒಳಗ, ಅಕ್ಷರ ಎಲ್ಲಾ ಗೆರಿ ಸೊನ್ನಿ. ನನ್ನ ಏಳೂ ಇಲ್ಲಿಂದು, ಅಕ್ಕನ ಏಳೂ ಇಲ್ಲಿಂದು. ಹಸರು ಚೀಲದ ನಾಕನೇದ್ದು ಕೈಯಾಗ ಹಿಡದಾಗನ ಬ್ಯಾರೆ ಅನಿಸ್ತು. ಕೊಂಡಿ ಕೂಡಿ 3.70 ಗ್ರಾಂ. ಕೋಲಿನ ಗುಂಟ ಮ್ಯಾಲಿಂದ ಕೆಳಗ ಡಿ, ವಿ, ಎಕ್ಸ್, ಸ್ಪಷ್ಟ. ಅದು ಲ್ಯಾಟಿನ್ನಿನ ಡುಕ್ಸ್, ಡೋಜ್ ಅಂತನ ಅರ್ಥ. ಅಂಚಿಗೆ ಎಂ, ಎ, ಎನ್, ಐ, ಎನ್. ಲುಡೊವಿಕೊ ಮಾನಿನ್. 1789ರಿಂದ 1797ರ ತನಕಾ ಇದ್ದ ವೆನಿಸಿನ ಕಡೀ ಡೋಜ್. ಅವನ ಮುಂದನ ಊರು ನೆಪೋಲಿಯನ್ ಪಾಲಾತು.

ವೈನಿ ಅಡಗಿಮನ್ಯಾಗ ಅವಲಕ್ಕಿ ಒಗ್ಗರಣಿ ಹಾಕಲಿಕತ್ತಿದ್ರು. ಅಕ್ಕನ ಕಣ್ಣು ಟಿವಿ ಮ್ಯಾಲೆ. ತಾಟಿನ್ಯಾಗ ನನ್ನ ಏಳೂ ಬಾಜೂಕನ ಇದ್ವು, ಒಂದು ಹತ್ತತ್ರ ಅದ ಅಳತೀದು. ಹಸರು ಚೀಲದಾಗ ಯಾವುದು ಇತ್ತು ಅನ್ನೂದು ಯಾರಿಗೂ ಗೊತ್ತಿದ್ದಿಲ್ಲ. ಹೆಂಗೂ ಕರಗಸೂದನ ಅದ, ಕರಗಿಹೋಗೂದಕ್ಕಿಂತ ನನ್ನ ಹತ್ರ ಉಳೀಲಿ. ಸುಳ್ಳ ಯಾಕ ಹೇಳಲಿ, ಹಿಂಗ ಅಂದ್ಕೊಂಡು ಅದನ್ನ ಮುಷ್ಟಿಯೊಳಗ ಹಿಡದು ಎರಡು ನಿಮಿಷ ಕೂತೆ. ಒಗ್ಗರಣಿ ಚಟಪಟ ಅಂತು. "ವೈನಿ, ಸ್ವಲ್ಪ ಹೊರಗ ಬರ್ರಿ" ಅಂದೆ. ದನಿ ಯಾಕೋ ನಡಗಿತು.

ಎಲ್ಲಾ ಕೇಳಿ ಅವರು ಮೊದಲ ಕೇಳಿದ್ದು, "ಎಷ್ಟ ಬರತದ?"

ಇಲ್ಲೇ ನಾವು ಹೆಣ್ಮಕ್ಕಳು ಮೋಸ ಹೋಗೂದು ಹೆಚ್ಚು. ಹಳೇದಂದ್ರ ಲಕ್ಷ ಅಲ್ಲ. ಕಡೀ ಕಾಲದ ಡೋಜ್‌ಗಳ ಡುಕಾಟ್ ಅಪರೂಪದ್ದಲ್ಲ. ಮ್ಯಾಲೆ ಕೊಂಡಿ ಬೆಸದಾರ, ಬೆಸದ ಗಾಯಾ ಇದ್ರ ಕೂಡಸೋವರು ಕಡಿಮಿ ಕೊಡತಾರ. ಕೊಂಡಿ ಕೀಳಿಸಿದ್ರ ಇನ್ನೂ ಹಾಳು. ಬಂಗಾರದ ರೇಟು, ಅದರ ಮ್ಯಾಲೊಂದಿಷ್ಟು, ಅಷ್ಟ. ಅಮೇರಿಕಾದಾಗಿರೋ ಅಕ್ಕನ ಮಗಾ ಫೋನಿನ್ಯಾಗ "ಇಲ್ಲೆ ಕಳಸ್ರಿ, ಛಲೋ ರೊಕ್ಕಾ ಬರತದ" ಅಂದ. ಕಳಸೋ ಹಂಗಿಲ್ಲ. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, 1972ರ ಕಾಯ್ದೆ ಪ್ರಕಾರ ನಾವು ನೀವು ಅದನ್ನ ದೇಶದ ಹೊರಗ ಒಯ್ಯೋದು ಅಪರಾಧ.

ನನ್ನ ಜೀವ ಮಾತ್ರ ಆ ಅಸಲೀಗಿಂತ ಉಳದ ಇಪ್ಪತ್ತರ ಮ್ಯಾಲೆನ ಹತ್ತಿತ್ತು. ವೆನಿಸಿನ ಡುಕಾಟ್ ಎಷ್ಟೋ ಮ್ಯೂಸಿಯಮ್‌ದಾಗ ಅವ. ಈ ಗೆರಿ ಸೊನ್ನಿ ಕೊರದ ಪತ್ತಾರನ ಕೈ ಇನ್ನೆಲ್ಲಿ ಸಿಗಬೇಕು? ಒಂದರ ಮ್ಯಾಲೆ ಡೋಜನ ಅಂಗಿ ನಮ್ಮ ಇಳಕಲ್ ಸೀರಿ ನಿರಗಿ ಹಂಗ ಕಾಣತದ. ಕರಗಿಸಿದ್ರ ಒಂದು ತೊಟ್ಟು ಬಂಗಾರ, ಮುಗೀತು.

ಆದ್ರ ವೈನೀಗೆ ಮಗಳ ಲಗ್ನ ಅದ, ಬಂಗಾರ ಬೇಕು. ಅದೂ ಖರೇನ. ಕಪಾಟಿನ್ಯಾಗ ನನ್ನ ಮುರದ ಬಿಲ್ವಾರ ಎರಡು ಇದ್ವು. ಪತ್ತಾರನ ಕಡೆ ಹೋದ್ವಿ. ಒರೀಗಲ್ಲಿಗೆ ತಿಕ್ಕಬೇಕಂದ್ರ ಕೊಂಡೀ ತುದೀ ತಿಕ್ಕಪಾ, ಮಾರಿ ಮುಟ್ಟಬ್ಯಾಡ ಅಂತ ನಾ ಮೂರ ಸಲ ಹೇಳಿದೆ, ಅವಾ ನಕ್ಕ. ವೈನೀ ಆರು ಪುತಳಿ ಕೂಡಿ ಹದಿನಾರು ಗ್ರಾಂ ಚಿಲ್ಲರ, ನನ್ನ ಬಿಲ್ವಾರ ಹದಿನೇಳರ ಮ್ಯಾಲೆ. ಹೆಚ್ಚಿಂದು ಹುಡುಗಿಗೆ ಆಹೇರ ಅಂತ ಬಿಟ್ಟೆ. ಬಿಲ್ವಾರ ಕರಗಿದ್ವು, ಪುತಳಿ ಉಳದ್ವು.

ಮನಿಗೆ ಬಂದು ವಹೀ ತಗದು ಒಂದೊಂದಕ್ಕೂ ನಂಬರು, ತೂಕ, ಎರಡೂ ಮಗ್ಗಲಿನ ಫೋಟೋ, ಯಾರ ಪಾಲಿಂದು ಅಂತ ಬರದು, ಬ್ಯಾರೆ ಬ್ಯಾರೆ ಕಾಗದದ ಪಾಕೀಟಿನ್ಯಾಗ ಇಟ್ಟೆ. ಲಗ್ನದ ದಿನಾ ಮಾತ್ರ 21ನೂ ಮತ್ತ ಒಂದ ದಾರಕ್ಕ ಪೋಣಸ್ತೇವಿ, ಹುಡುಗಿ ಹಾಕ್ಕೋತಾಳ. ಮಾನಿನ್ ಪುತಳಿ ವೈನೀದನ, ನಡುವ ಅದನ್ನ ಇಡೂದು ಅಂತ ಠರಾವು ಆಗೇದ. ನನ್ನ ವಹೀಯಾಗ ಅದರ ಮುಂದ "18ನೇ ನಂಬರು, 3.70 ಗ್ರಾಂ, ಲುಡೊವಿಕೊ ಮಾನಿನ್, ವೈನಿ ಪಾಲು" ಅಂತ ಬರದಿದ್ದೆ. ನಿನ್ನೆ ತಗದು ನೋಡತೇನಿ, ಕೆಳಗ ವೈನಿ ತಮ್ಮ ಕೈಲೆ ಪೆನ್ಸಿಲ್ಲಿಲೆ ಬರದಾರ: "ಕೇಳಿದ್ರೂ ಕೊಡೂದಿಲ್ಲ."